ಸ್ತ್ರೀಮುಕ್ತಿ ವಿಚಾರ: ಹೆಣ್ಣಿನ ಸ್ಥಾನದ ಬಗ್ಗೆ ಬರೆದ ಜೈನ ಆಚಾರ್ಯರು ಮತ್ತು ವಿದ್ವಾಂಸರು

ಹೆಣ್ಣು ಅದೇ ದೇಹದಲ್ಲಿ, ಅದೇ ಜನ್ಮದಲ್ಲಿ ಮೋಕ್ಷ ಪಡೆಯಬಹುದೇ? ಜೈನ ಶಾಸ್ತ್ರಗಳಲ್ಲಿ ಈ ಚರ್ಚೆಗೆ ‘ಸ್ತ್ರೀಮುಕ್ತಿ ವಿಚಾರ’ ಎಂದು ಹೆಸರು. ಸಾವಿರಕ್ಕೂ ಹೆಚ್ಚು ವರ್ಷಗಳ ಕಾಲ ಪ್ರಾಕೃತ ಮತ್ತು ಸಂಸ್ಕೃತದಲ್ಲಿ ಈ ಬಗ್ಗೆ ಗ್ರಂಥಗಳು ಬಂದಿವೆ. ದಿಗಂಬರ ಆಚಾರ್ಯರು ‘ಇಲ್ಲ’ ಎಂದರು. ಶ್ವೇತಾಂಬರ ಆಚಾರ್ಯರು ‘ಹೌದು’ ಎಂದರು. ಕರ್ನಾಟಕದಲ್ಲಿ ಬಾಳಿ ಈಗ ಮರೆಯಾಗಿರುವ ಯಾಪನೀಯ ಸಂಘದ ಆಚಾರ್ಯರೂ ‘ಹೌದು’ ಎಂದರು.

ಈ ಚರ್ಚೆಯ ಹೆಸರು ಕೇಳಿದವರು ಅನೇಕರು, ಅದರ ಒಳಗಿನ ವಾದಗಳನ್ನು ತಿಳಿದವರು ಕಡಿಮೆ. ಹಾಗಾಗಿ ಶಾಸ್ತ್ರ ಹೇಳದ ಮಾತನ್ನೂ ಶಾಸ್ತ್ರದ ಹೆಸರಿನಲ್ಲಿ ಹೇಳುವುದುಂಟು. ಹೆಣ್ಣುಮಕ್ಕಳು ಶಾಸ್ತ್ರ ಓದುವ ವಿಷಯ ಬಂದಾಗ, ಬಸದಿಯ ಆಡಳಿತದಲ್ಲಿ ಸ್ಥಾನ ಕೊಡುವ ವಿಷಯ ಬಂದಾಗ, ಮನೆಯ ಆಸ್ತಿ ಪಾಲಾಗುವಾಗ ‘ನಮ್ಮಲ್ಲಿ ಹೆಣ್ಣಿಗೆ ಅಷ್ಟಿಲ್ಲ’ ಎಂಬ ಮಾತು ಬರುತ್ತದೆ. ಆಚಾರ್ಯರು ನಿಜವಾಗಿ ಬರೆದದ್ದೇನು ಎಂಬುದನ್ನು ಕಾಲಕ್ರಮದಲ್ಲಿ ಇಲ್ಲಿ ಕೊಡಲಾಗಿದೆ.

ಚರ್ಚೆಯ ಮೂಲ

ಶ್ರೀ ಮಹಾವೀರ ಸ್ವಾಮಿಯವರ ಸಂಘದಲ್ಲಿ ಮುನಿ, ಆರ್ಯಿಕೆ, ಶ್ರಾವಕ, ಶ್ರಾವಿಕೆ ಎಂಬ ನಾಲ್ಕು ಅಂಗಗಳಿದ್ದವು. ಶ್ವೇತಾಂಬರರ ಕಲ್ಪಸೂತ್ರದ ಪ್ರಕಾರ ಸ್ವಾಮಿಯವರಿಗೆ 14,000 ಸಾಧುಗಳೂ ಚಂದನೆಯ ನೇತೃತ್ವದಲ್ಲಿ 36,000 ಸಾಧ್ವಿಯರೂ ಇದ್ದರು. ಆರ್ಯಿಕೆಯರು 36,000 ಎಂಬ ಎಣಿಕೆ ದಿಗಂಬರ ಪರಂಪರೆಯಲ್ಲೂ ಇದೆ. ಅಂದರೆ ಹೆಣ್ಣು ಮನೆ ಬಿಟ್ಟು ದೀಕ್ಷೆ ಪಡೆಯಬಹುದೇ ಎಂಬ ಬಗ್ಗೆ ಜೈನರಲ್ಲಿ ಎಂದೂ ಜಗಳವಿರಲಿಲ್ಲ.

ಭೇದ ಹುಟ್ಟಿದ್ದು ವಸ್ತ್ರದ ವಿಷಯದಲ್ಲಿ. ಸಂಪೂರ್ಣ ಅಪರಿಗ್ರಹಕ್ಕೆ ದಿಗಂಬರತ್ವ ಬೇಕೇ ಬೇಕು ಎಂದರೆ, ಸೀರೆ ಉಟ್ಟ ಆರ್ಯಿಕೆಯ ಮಹಾವ್ರತ ಪೂರ್ಣವಾಗುವುದಿಲ್ಲ. ಆದ್ದರಿಂದ ದಿಗಂಬರ ಪರಂಪರೆಯಲ್ಲಿ ಆರ್ಯಿಕೆಯ ಮಹಾವ್ರತವನ್ನು ‘ಉಪಚಾರ ಮಹಾವ್ರತ’ ಎನ್ನುತ್ತಾರೆ. ಆಕೆ ಐದನೇ ಗುಣಸ್ಥಾನದವರೆಗೆ ಏರುತ್ತಾಳೆ, ಮುಂದೆ ಪುರುಷ ಜನ್ಮದಲ್ಲಿ ಮೋಕ್ಷ ಪಡೆಯುತ್ತಾಳೆ ಎಂಬುದು ಅವರ ಸಿದ್ಧಾಂತ. ಶ್ವೇತಾಂಬರರಲ್ಲಿ ಸಾಧುಗಳೂ ವಸ್ತ್ರ ಧರಿಸುವುದರಿಂದ ಈ ತಡೆ ಇಲ್ಲ. ಅವರ ಪ್ರಕಾರ 19ನೇ ತೀರ್ಥಂಕರ ಮಲ್ಲಿ ಸ್ತ್ರೀಯಾಗಿದ್ದರು. ದಿಗಂಬರರಲ್ಲಿ ಮಲ್ಲಿನಾಥರು ಪುರುಷರು.

ಇನ್ನೊಂದು ಸಂಗತಿಯನ್ನು ಮರೆಯಬಾರದು. ಜಂಬೂಸ್ವಾಮಿಗಳ ನಂತರ ಈ ಪಂಚಮ ಕಾಲದಲ್ಲಿ ಭರತ ಕ್ಷೇತ್ರದಿಂದ ಯಾರಿಗೂ, ಗಂಡಿಗಾಗಲಿ ಹೆಣ್ಣಿಗಾಗಲಿ, ಮೋಕ್ಷವಿಲ್ಲ ಎಂಬುದನ್ನು ಎರಡೂ ಪಂಥಗಳು ಒಪ್ಪುತ್ತವೆ. ಹಾಗಾಗಿ ಈ ಚರ್ಚೆ ನಡೆಯುತ್ತಿದ್ದಾಗ ಯಾರ ಮೋಕ್ಷವೂ ಕೈಯಳತೆಯಲ್ಲಿರಲಿಲ್ಲ. ನಡೆದದ್ದು ದೀಕ್ಷೆಯ ಸ್ವರೂಪದ ಬಗ್ಗೆ, ಸಂಘದಲ್ಲಿ ಹೆಣ್ಣಿನ ಸ್ಥಾನದ ಬಗ್ಗೆ.

ಆಚಾರ್ಯ ಕುಂದಕುಂದರು

ದಿಗಂಬರ ಪರಂಪರೆಯ ಅಗ್ರಗಣ್ಯ ಆಚಾರ್ಯರಾದ ಕುಂದಕುಂದರು ‘ಸೂತ್ರಪಾಹುಡ’ ಎಂಬ ಪ್ರಾಕೃತ ಕೃತಿಯಲ್ಲಿ ಈ ವಿಷಯವನ್ನು ನೇರವಾಗಿ ಎತ್ತಿದ್ದಾರೆ. ವಸ್ತ್ರಧಾರಿಗೆ, ಆತ ತೀರ್ಥಂಕರನೇ ಆಗಿದ್ದರೂ, ಸಿದ್ಧಿ ಇಲ್ಲ ಎಂಬುದು ಅವರ ಮುಖ್ಯ ಮಾತು. ಮಾತು ಮೊದಲು ಬಂದಿರುವುದು ವಸ್ತ್ರದ ಮೇಲೆ, ಹೆಣ್ಣಿನ ಮೇಲೆ ಅಲ್ಲ. ಅದೇ ನಿಯಮವನ್ನು ಮುಂದುವರಿಸಿ ಸ್ತ್ರೀಗೆ ಪೂರ್ಣ ಪ್ರವ್ರಜ್ಯೆ ಇಲ್ಲ ಎನ್ನುತ್ತಾರೆ. ದೇಹದಲ್ಲಿ ಸೂಕ್ಷ್ಮ ಜೀವಿಗಳ ಉತ್ಪತ್ತಿ ಇದೆ ಎಂಬ ಕಾರಣವನ್ನೂ ಕೊಡುತ್ತಾರೆ. ಮುಂದಿನ ದಿಗಂಬರ ಆಚಾರ್ಯರೆಲ್ಲರೂ ಈ ಆಧಾರದ ಮೇಲೆಯೇ ವಾದ ಕಟ್ಟಿದರು.

ಭಗವತಿ ಆರಾಧನಾ

ಶಿವಾರ್ಯರು ಶೌರಸೇನಿ ಪ್ರಾಕೃತದಲ್ಲಿ ರಚಿಸಿದ ‘ಭಗವತಿ ಆರಾಧನಾ’ ಸಮಾಧಿಮರಣದ ಮಹಾಗ್ರಂಥ. ಕನ್ನಡದ ‘ವಡ್ಡಾರಾಧನೆ’ಯ ಕಥೆಗಳಿಗೆ ಇದರ ಗಾಹೆಗಳೇ ಬೇರು. ಇದನ್ನು ಯಾಪನೀಯ ಕೃತಿ ಎಂದು ಹಲವು ವಿದ್ವಾಂಸರು ಭಾವಿಸಿದ್ದಾರೆ. ದಿಗಂಬರರಲ್ಲಿ ಇಂದಿಗೂ ಅದರ ಸ್ವಾಧ್ಯಾಯ ನಡೆಯುತ್ತದೆ.

ಬ್ರಹ್ಮಚರ್ಯದ ಪ್ರಕರಣದಲ್ಲಿ ಈ ಗ್ರಂಥ, ಆ ಕಾಲದ ಇತರ ಗ್ರಂಥಗಳಂತೆಯೇ, ಹೆಣ್ಣಿನ ದೋಷಗಳನ್ನು ಒಂದೊಂದಾಗಿ ಹೇಳುತ್ತದೆ. ಹಲವರು ಅಲ್ಲಿಗೇ ಓದು ನಿಲ್ಲಿಸುತ್ತಾರೆ. ಆದರೆ ಮುಂದಿನ ಗಾಹೆಗಳಲ್ಲಿ ಶಿವಾರ್ಯರು ಮಾತನ್ನು ತಿರುಗಿಸುತ್ತಾರೆ: ಈ ದೋಷಗಳು ಗಂಡಸರಲ್ಲೂ ಇವೆ, ಬಲ ಹೆಚ್ಚಿರುವುದರಿಂದ ಅವರಲ್ಲಿ ಇನ್ನೂ ಹೆಚ್ಚು, ಶೀಲ ಕಾಪಾಡುವ ಗಂಡಸಿಗೆ ಹೆಣ್ಣು ಹೇಗೆ ವರ್ಜ್ಯಳೋ ಹಾಗೆಯೇ ಶೀಲ ಕಾಪಾಡುವ ಹೆಣ್ಣಿಗೆ ಗಂಡಸು ವರ್ಜ್ಯ, ತೀರ್ಥಂಕರರನ್ನೂ ಚಕ್ರವರ್ತಿಗಳನ್ನೂ ಹೆತ್ತವರು ಹೆಂಗಸರೇ, ದೇವತೆಗಳೂ ಪೂಜಿಸಿದ ಶೀಲವತಿಯರು ಅನೇಕರಿದ್ದಾರೆ. ಮೊದಲ ಭಾಗವನ್ನು ಮಾತ್ರ ಎತ್ತಿ ಹೇಳುವವರು ಗ್ರಂಥಕ್ಕೂ ಗ್ರಂಥಕಾರರಿಗೂ ಅನ್ಯಾಯ ಮಾಡಿದಂತೆ.

ವೀರಸೇನರು ಮತ್ತು ಜಿನಸೇನರು

9ನೇ ಶತಮಾನದ ರಾಷ್ಟ್ರಕೂಟರ ಕಾಲ ಈ ಚರ್ಚೆಯ ಮುಖ್ಯ ಘಟ್ಟ. ‘ಷಟ್ಖಂಡಾಗಮ’ಕ್ಕೆ ‘ಧವಲಾ’ ಟೀಕೆಯನ್ನು ಬರೆದ ವೀರಸೇನಾಚಾರ್ಯರು ಅದನ್ನು ಕ್ರಿ.ಶ. 816ರಲ್ಲಿ ಮುಗಿಸಿದರು. ಸೂತ್ರದಲ್ಲಿ ಬರುವ ‘ಮನುಷ್ಯಿಣಿ’ ಎಂಬ ಪದ ನೋಡಿದರೆ ಸ್ತ್ರೀಗೆ ಮೋಕ್ಷ ಸಿಗುವಂತೆ ಕಾಣುತ್ತದಲ್ಲ ಎಂಬ ಪ್ರಶ್ನೆಯನ್ನು ಅವರೇ ಎತ್ತುತ್ತಾರೆ. ವಸ್ತ್ರವಿರುವುದರಿಂದ ದ್ರವ್ಯಸ್ತ್ರೀಗೆ, ಅಂದರೆ ದೇಹದಿಂದ ಹೆಣ್ಣಾದವಳಿಗೆ, ಪೂರ್ಣ ಸಂಯಮವಿಲ್ಲ. ಸೂತ್ರ ಹೇಳುತ್ತಿರುವುದು ಭಾವದಿಂದ ಮಾತ್ರ ಸ್ತ್ರೀವೇದವಿರುವ ಪುರುಷನ ವಿಷಯ ಎಂದು ಉತ್ತರ ಕೊಡುತ್ತಾರೆ.

ವೀರಸೇನರ ಶಿಷ್ಯರಾದ ಜಿನಸೇನಾಚಾರ್ಯರು ರಾಷ್ಟ್ರಕೂಟ ದೊರೆ ಅಮೋಘವರ್ಷನಿಗೆ ಪೂಜ್ಯರಾಗಿದ್ದವರು. ಅವರ ಸಂಸ್ಕೃತ ‘ಆದಿಪುರಾಣ’ದಲ್ಲಿ ಎರಡು ಪ್ರಸಂಗಗಳು ಈ ವಿಷಯಕ್ಕೆ ಬಹಳ ಮುಖ್ಯ.

ಮೊದಲನೆಯದು 16ನೇ ಪರ್ವದಲ್ಲಿದೆ. ಆದಿನಾಥ ಸ್ವಾಮಿಯವರು ಹೆಣ್ಣುಮಕ್ಕಳಿಬ್ಬರನ್ನೂ ತೊಡೆಯ ಮೇಲೆ ಕೂರಿಸಿಕೊಂಡು ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕವನ್ನೂ ಕಲಿಸುತ್ತಾರೆ. ಗಂಡುಮಕ್ಕಳ ವಿದ್ಯೆಯ ಮಾತು ಬರುವುದು ಇದರ ನಂತರ. ವಿದ್ಯೆ ಗಂಡಸಿಗೆ ಮನ್ನಣೆ ತರುವಂತೆ ವಿದ್ಯಾವಂತೆಯಾದ ಹೆಣ್ಣಿಗೆ ಅಗ್ರಸ್ಥಾನ ತರುತ್ತದೆ ಎಂದು ಸ್ವಾಮಿಯವರ ಬಾಯಲ್ಲೇ ಜಿನಸೇನರು ಹೇಳಿಸುತ್ತಾರೆ. ಇದೇ ಬ್ರಾಹ್ಮಿ, ಸುಂದರಿಯರ ಕಥೆ 941ರಲ್ಲಿ ಪಂಪನ ಆದಿಪುರಾಣದ ಮೂಲಕ ಕನ್ನಡಕ್ಕೂ ಬಂತು.

ಎರಡನೆಯದು 38ನೇ ಪರ್ವದಲ್ಲಿ, ಗೃಹಸ್ಥನ ಕ್ರಿಯೆಗಳನ್ನು ಹೇಳುವಲ್ಲಿ ಬರುತ್ತದೆ. ‘ಗೃಹತ್ಯಾಗ ಕ್ರಿಯೆ’ಯಲ್ಲಿ ಮನೆಯ ಯಜಮಾನ ಸಂಪತ್ತನ್ನು ಮೂರು ಭಾಗ ಮಾಡಬೇಕು: ಒಂದು ಧರ್ಮಕಾರ್ಯಕ್ಕೆ, ಒಂದು ಮನೆಯ ಖರ್ಚಿಗೆ, ಒಂದು ಮಕ್ಕಳಿಗೆ. ಮಕ್ಕಳ ಭಾಗದಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಸಮಪಾಲು ಸಲ್ಲಬೇಕು ಎಂದು ಜಿನಸೇನರು ಸ್ಪಷ್ಟವಾಗಿ ಬರೆದಿದ್ದಾರೆ. ಜೈನರಿಗೂ ಅನ್ವಯಿಸುವ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಿದ್ದುಪಡಿ ತಂದು ಹೆಣ್ಣುಮಕ್ಕಳನ್ನು ಪಿತ್ರಾರ್ಜಿತ ಆಸ್ತಿಯ ಸಮಪಾಲುದಾರರನ್ನಾಗಿ ಮಾಡಿದ್ದು 1994ರಲ್ಲಿ, ಕೇಂದ್ರ ಸರ್ಕಾರದ ತಿದ್ದುಪಡಿ ಬಂದದ್ದು 2005ರಲ್ಲಿ. ಆಚಾರ್ಯರ ಮಾತು ಅದಕ್ಕಿಂತ ಸಾವಿರದ ನೂರಕ್ಕೂ ಹೆಚ್ಚು ವರ್ಷ ಹಿಂದಿನದು.

ಸ್ತ್ರೀಮುಕ್ತಿಯನ್ನು ಒಪ್ಪದ ಪರಂಪರೆಯ ಆಚಾರ್ಯರೇ ವಿದ್ಯೆಯಲ್ಲೂ ಆಸ್ತಿಯಲ್ಲೂ ಹೆಣ್ಣಿಗೆ ಸಮಸ್ಥಾನ ಹೇಳಿದ್ದಾರೆ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ.

ಶಾಕಟಾಯನರು ಮತ್ತು ಯಾಪನೀಯ ಸಂಘ

ಯಾಪನೀಯ ಸಂಘದ ಹೆಸರು ಕದಂಬ ಮೃಗೇಶವರ್ಮನ ಹಲಸಿ ಶಾಸನದಲ್ಲಿ, ಅಂದರೆ 5ನೇ ಶತಮಾನದಲ್ಲೇ, ನಿರ್ಗ್ರಂಥರು ಮತ್ತು ಕೂರ್ಚಕರ ಜೊತೆಗೆ ಬರುತ್ತದೆ. ಈ ಸಂಘದ ಮುನಿಗಳು ದಿಗಂಬರರಂತೆ ನಗ್ನರಾಗಿರುತ್ತಿದ್ದರು. ಆದರೆ ಶ್ವೇತಾಂಬರರಂತೆ ಆಗಮಗಳನ್ನೂ ಸ್ತ್ರೀಮುಕ್ತಿಯನ್ನೂ ಕೇವಲಿಗಳ ಆಹಾರ ಸೇವನೆಯನ್ನೂ ಒಪ್ಪುತ್ತಿದ್ದರು.

ಈ ಸಂಘದ ಶಾಕಟಾಯನರು (ಪಾಲ್ಯಕೀರ್ತಿ ಎಂಬುದು ಅವರ ಇನ್ನೊಂದು ಹೆಸರು) ದೊಡ್ಡ ವೈಯಾಕರಣರು. ತಮ್ಮ ಸಂಸ್ಕೃತ ವ್ಯಾಕರಣಕ್ಕೆ ತಾವೇ ಬರೆದ ವೃತ್ತಿಗೆ ಅಮೋಘವರ್ಷನ ಹೆಸರಿನಲ್ಲಿ ‘ಅಮೋಘವೃತ್ತಿ’ ಎಂದು ಹೆಸರಿಟ್ಟರು. ಸ್ತ್ರೀಮುಕ್ತಿಗಾಗಿಯೇ ಮೀಸಲಾದ ‘ಸ್ತ್ರೀನಿರ್ವಾಣ ಪ್ರಕರಣ’ ಅವರದು. ಜಿನಸೇನರನ್ನು ಪೂಜಿಸಿದ ದೊರೆಯ ಹೆಸರೇ ಶಾಕಟಾಯನರ ಗ್ರಂಥದ ಮೇಲೂ ಇದೆ. ವಿರುದ್ಧ ಪಕ್ಷಗಳ ಇಬ್ಬರು ಮಹಾವಿದ್ವಾಂಸರು ಒಂದೇ ರಾಜ್ಯದಲ್ಲಿ ಗೌರವದಿಂದ ಬಾಳಿದರು.

ಶಾಕಟಾಯನರ ಕ್ರಮ ಇದು: ಎದುರು ಪಕ್ಷದ ಆಕ್ಷೇಪವನ್ನು ಮೊದಲು ಸರಿಯಾಗಿ ಹೇಳುವುದು, ಆಮೇಲೆ ಉತ್ತರ ಕೊಡುವುದು. ಮೋಕ್ಷಕ್ಕೆ ಕಾರಣ ರತ್ನತ್ರಯ, ರತ್ನತ್ರಯಕ್ಕೂ ಸ್ತ್ರೀತ್ವಕ್ಕೂ ವಿರೋಧವಿದೆ ಎಂದು ತೋರಿಸುವ ಪ್ರಮಾಣವಿಲ್ಲ ಎಂಬುದು ಅವರ ಮೂಲ ವಾದ. ಮುಖ್ಯ ಆಕ್ಷೇಪಗಳಿಗೆ ಅವರು ಕೊಟ್ಟ ಉತ್ತರಗಳು ಹೀಗಿವೆ.

ವಸ್ತ್ರ: ಪರಿಗ್ರಹ ಎಂದರೆ ವಸ್ತು ಅಲ್ಲ, ಅದರ ಮೇಲಿನ ಮೂರ್ಛೆ ಅಥವಾ ಮಮತೆ ಎಂದು ತತ್ತ್ವಾರ್ಥಸೂತ್ರ ಹೇಳುತ್ತದೆ. ಮುನಿಗೆ ಪಿಂಛಿ ಹೇಗೆ ಸಂಯಮದ ಉಪಕರಣವೋ ಹಾಗೆ ಆರ್ಯಿಕೆಗೆ ವಸ್ತ್ರ ಶೀಲರಕ್ಷಣೆಯ ಉಪಕರಣ. ಅದನ್ನು ಧರಿಸಬೇಕೆಂದು ವಿಧಿಸಿದವರೇ ಜಿನೇಶ್ವರರು.

ಏಳನೇ ನರಕ: ಹೆಣ್ಣಿಗೆ ಏಳನೇ ನರಕಕ್ಕೆ ಹೋಗುವಷ್ಟು ತೀವ್ರ ಪಾಪ ಸಾಧ್ಯವಿಲ್ಲ, ಆದ್ದರಿಂದ ಮೋಕ್ಷಕ್ಕೆ ಏರುವಷ್ಟು ತೀವ್ರ ಶುಭ ಭಾವವೂ ಇಲ್ಲ ಎಂಬುದು ಆಕ್ಷೇಪ. ಇದಕ್ಕೆ ಶಾಕಟಾಯನರು ಪ್ರಾಣಿಗಳ ಉದಾಹರಣೆ ಕೊಡುತ್ತಾರೆ. ಹಕ್ಕಿಗಳು ಮೂರನೇ ನರಕದವರೆಗೆ, ಹಾವುಗಳು ಐದನೇ ನರಕದವರೆಗೆ ಇಳಿಯಬಲ್ಲವು. ಇಳಿಯುವ ಮಿತಿ ಹೀಗೆ ಬೇರೆ ಬೇರೆಯಾದರೂ ಮೇಲಕ್ಕೆ ಸಹಸ್ರಾರ ಸ್ವರ್ಗದವರೆಗೆ ಎರಡೂ ಸಮಾನವಾಗಿ ಏರಬಲ್ಲವು. ಆದ್ದರಿಂದ ಇಳಿಯುವ ಶಕ್ತಿಯಿಂದ ಏರುವ ಶಕ್ತಿಯನ್ನು ಅಳೆಯಲಾಗದು.

ವಂದನೆ: ನೂರು ವರ್ಷ ದೀಕ್ಷೆಯಾದ ಆರ್ಯಿಕೆಯೂ ಇಂದು ದೀಕ್ಷೆ ಪಡೆದ ಮುನಿಗೆ ವಂದಿಸಬೇಕು, ಮುನಿಗಳು ಆಕೆಗೆ ವಂದಿಸುವುದಿಲ್ಲ, ಆದ್ದರಿಂದ ಆಕೆ ಕಡಿಮೆ ಎಂಬುದು ಇನ್ನೊಂದು ಆಕ್ಷೇಪ. ತೀರ್ಥಂಕರರು ಗಣಧರರಿಗೆ ವಂದಿಸುವುದಿಲ್ಲ, ಆದರೂ ಗಣಧರರಿಗೆ ಮೋಕ್ಷವಾಗುತ್ತದೆ ಎಂದು ಅವರು ಉತ್ತರಿಸುತ್ತಾರೆ. ಯಾರು ಯಾರಿಗೆ ವಂದಿಸಬೇಕೆಂಬ ಕ್ರಮಕ್ಕೂ ಕರ್ಮಕ್ಷಯಕ್ಕೂ ಸಂಬಂಧವಿಲ್ಲ.

ಮನೋಬಲ: ಹೆಣ್ಣಿಗೆ ಸತ್ತ್ವ ಕಡಿಮೆ ಎನ್ನುವವರಿಗೆ ಬ್ರಾಹ್ಮಿ, ಸುಂದರಿ, ರಾಜೀಮತಿ, ಚಂದನೆಯರನ್ನು ತೋರಿಸುತ್ತಾರೆ.

ಕಾಲಕ್ರಮದಲ್ಲಿ ಯಾಪನೀಯರು ದಿಗಂಬರ ಸಮಾಜದಲ್ಲಿ ಬೆರೆತುಹೋದರು. ಬೆಳಗಾವಿಯ ದೊಡ್ಡಬಸದಿಯ ನೇಮಿನಾಥ ಬಿಂಬದಂತೆ ಅವರು ಪ್ರತಿಷ್ಠಾಪಿಸಿದ ಬಿಂಬಗಳನ್ನು ದಿಗಂಬರ ಶ್ರಾವಕರೇ ಪೂಜಿಸುತ್ತ ಬಂದಿದ್ದಾರೆ. ‘ಸ್ತ್ರೀನಿರ್ವಾಣ ಪ್ರಕರಣ’ವನ್ನು ಉಳಿಸಿಕೊಂಡು ಬಂದವರು ಶ್ವೇತಾಂಬರರು. ಮುನಿ ಜಂಬೂವಿಜಯರು ಅದನ್ನು ಸಂಪಾದಿಸಿ 1974ರಲ್ಲಿ ಪ್ರಕಟಿಸಿದರು.

ಪ್ರಭಾಚಂದ್ರರ ಉತ್ತರ

11ನೇ ಶತಮಾನದಲ್ಲಿ ಧಾರಾನಗರದಲ್ಲಿದ್ದ ಪ್ರಭಾಚಂದ್ರಾಚಾರ್ಯರು ‘ನ್ಯಾಯಕುಮುದಚಂದ್ರ’ ಮತ್ತು ‘ಪ್ರಮೇಯಕಮಲಮಾರ್ತಂಡ’ ಗ್ರಂಥಗಳಲ್ಲಿ ದಿಗಂಬರ ಪಕ್ಷವನ್ನು ಬಲವಾಗಿ ಮಂಡಿಸಿದರು. ಪಿಂಛಿಗೂ ವಸ್ತ್ರಕ್ಕೂ ಹೋಲಿಕೆ ಸಲ್ಲದು ಎಂಬುದು ಅವರ ಉತ್ತರ. ಪಿಂಛಿ ಜೀವಿಗಳನ್ನು ಉಳಿಸುತ್ತದೆ. ವಸ್ತ್ರವನ್ನು ಬೇಡಬೇಕು, ಹೊಲಿಯಬೇಕು, ಒಗೆಯಬೇಕು, ಕಾಯಬೇಕು, ಅದರಲ್ಲಿ ಜೀವಿಗಳು ಹುಟ್ಟಿ ಸಾಯುತ್ತವೆ. ಜಾರಿ ಬಿದ್ದ ಬಟ್ಟೆಯನ್ನು ತಿಳಿದೂ ತಿಳಿದೂ ಎತ್ತಿ ಉಡುವವರಿಗೆ ಮಮತೆ ಇಲ್ಲವೆಂದರೆ ಹೇಗೆ ಎಂದು ಅವರು ಕೇಳುತ್ತಾರೆ.

ಗುಜರಾತಿನ ಪಾಟಣದಲ್ಲಿ ಸಿದ್ಧರಾಜ ಜಯಸಿಂಹನ ಸಭೆಯಲ್ಲಿ 1125ರಲ್ಲಿ ನಡೆದ ವಾದದಲ್ಲೂ ಸ್ತ್ರೀಮುಕ್ತಿಯೇ ಮುಖ್ಯ ವಿಷಯ. ದಿಗಂಬರ ಪಕ್ಷದಿಂದ ಕುಮುದಚಂದ್ರರು, ಶ್ವೇತಾಂಬರ ಪಕ್ಷದಿಂದ ವಾದಿ ದೇವಸೂರಿಗಳು ವಾದಿಸಿದರು. ಶ್ವೇತಾಂಬರ ಪ್ರಬಂಧಗಳು ಕುಮುದಚಂದ್ರರು ಕರ್ನಾಟಕದಿಂದ ಬಂದವರೆಂದೂ ದೇವಸೂರಿಗಳಿಗೆ ಜಯವಾಯಿತೆಂದೂ ಹೇಳುತ್ತವೆ.

ಕಲ್ಲಿನಲ್ಲಿ ಉಳಿದ ಹೆಸರುಗಳು

ಗ್ರಂಥಗಳಲ್ಲಿ ವಾದ ನಡೆಯುತ್ತಿದ್ದಾಗ ಕರ್ನಾಟಕದ ಜೈನ ಸ್ತ್ರೀಯರು ಸುಮ್ಮನೆ ಕುಳಿತಿರಲಿಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಸುಮಾರು ಕ್ರಿ.ಶ. 700ರ ಹೊತ್ತಿನ ಶಾಸನಗಳು ನಾಗಮತಿ ಗಂತಿ, ಶಶಿಮತಿ ಗಂತಿ ಮೊದಲಾದವರು ವ್ರತ ನೋಂತು ಸಮಾಧಿ ಪಡೆದುದನ್ನು ದಾಖಲಿಸಿವೆ. ಆರ್ಯಿಕೆಗೆ ಅಂದಿನ ಕನ್ನಡದ ಹೆಸರು ‘ಗಂತಿ’ ಅಥವಾ ‘ಕಂತಿ’. ಮುನಿಗಳಿಗೆ ಹೇಗೋ ಇವರಿಗೂ ಹಾಗೆಯೇ ಶಾಸನ ಕಡೆದು ಗೌರವಿಸಿದ್ದಾರೆ.

ದಾನಚಿಂತಾಮಣಿ ಅತ್ತಿಮಬ್ಬೆ ರನ್ನನಿಂದ ಅಜಿತಪುರಾಣ ಬರೆಸಿದರು (993), ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದರು, ಲಕ್ಕುಂಡಿಯಲ್ಲಿ ಬ್ರಹ್ಮಜಿನಾಲಯ ಕಟ್ಟಿಸಿದರು. ಹೊಯ್ಸಳ ರಾಣಿ ಶಾಂತಲಾದೇವಿ 1123ರಲ್ಲಿ ಬೆಳಗೊಳದಲ್ಲಿ ಸವತಿಗಂಧವಾರಣ ಬಸದಿ ಕಟ್ಟಿಸಿ, 1131ರಲ್ಲಿ ಶಿವಗಂಗೆಯಲ್ಲಿ ದೇಹ ಬಿಟ್ಟರು. ಅವರ ತಾಯಿ ಮಾಚಿಕಬ್ಬೆ ಸಲ್ಲೇಖನ ಕೈಗೊಂಡರು. ಇವರೆಲ್ಲ ಸ್ತ್ರೀಮುಕ್ತಿಯನ್ನು ಒಪ್ಪದ ಪರಂಪರೆಯ ನಡುವೆಯೇ ಬಾಳಿದವರು.

20ನೇ ಶತಮಾನ

ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಕಾಪಾಡಿಕೊಂಡು ಬಂದ ಷಟ್ಖಂಡಾಗಮದ ತಾಳೆಗರಿಗಳು ಈ ಚರ್ಚೆಯನ್ನು ಮತ್ತೆ ಎತ್ತಿದವು. ಡಾ. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಮೊದಲ ಸಂಪುಟ 1939ರಲ್ಲಿ ಅಚ್ಚಾಯಿತು. ಮನುಷ್ಯಿಣಿಯ ವಿಷಯದ 93ನೇ ಸೂತ್ರದಲ್ಲಿ ‘ಸಂಜದ’ (ಸಂಯತ) ಎಂಬ ಪದ ಬಿಟ್ಟುಹೋಗಿರಬೇಕು ಎಂದು ಸಂಪಾದಕರು ಸೂಚಿಸಿದರು. ಆ ಪದವಿದ್ದರೆ ಮನುಷ್ಯಿಣಿಗೆ ಆರನೇ ಗುಣಸ್ಥಾನ ಮತ್ತು ಅದಕ್ಕೂ ಮೇಲಿನವು ಸಿಗುತ್ತವೆ. ಮುಂದೆ ಮೂಡುಬಿದಿರೆಯ ಮೂಲ ಪ್ರತಿ ನೋಡಿದಾಗ ಆ ಪದ ಇರುವುದು ಕಂಡಿತು. ಪದ ಇರಬೇಕೇ ಬೇಡವೇ, ಇದ್ದರೆ ಅರ್ಥವೇನು ಎಂದು ಪಂಡಿತರಲ್ಲಿ ದೊಡ್ಡ ವಾದವೇ ನಡೆಯಿತು. ವೀರಸೇನರು ಹೇಳಿದ ಭಾವಸ್ತ್ರೀ ಎಂಬ ಅರ್ಥವೇ ದಿಗಂಬರರ ಉತ್ತರವಾಗಿ ಉಳಿಯಿತು.

ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ ಹುಟ್ಟಿದ ಡಾ. ಆ.ನೇ. ಉಪಾಧ್ಯೆ (1906–1975) ಅವರು ಯಾಪನೀಯ ಸಂಘದ ಇತಿಹಾಸವನ್ನು ಬೆಳಕಿಗೆ ತಂದವರಲ್ಲಿ ಪ್ರಮುಖರು. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 2003ರಲ್ಲಿ ಮೂಡುಬಿದಿರೆಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದವರು ಜೈನ ಸಾಹಿತ್ಯದಲ್ಲಿ ಜೀವನವಿಡೀ ಕೆಲಸ ಮಾಡಿದ ಡಾ. ಕಮಲಾ ಹಂಪನಾ (1935–2024).

ಬಿಹಾರದ ಆರಾ ನಗರದಲ್ಲಿ ಬಾಲವಿಧವೆಯಾಗಿದ್ದ ಪಂಡಿತಾ ಚಂದಾಬಾಯಿ ಅವರು 1921ರಲ್ಲಿ ಹೆಣ್ಣುಮಕ್ಕಳಿಗಾಗಿ ‘ಜೈನ ಬಾಲಾ ವಿಶ್ರಾಮ’ ಸ್ಥಾಪಿಸಿದರು, ‘ಜೈನ ಮಹಿಲಾದರ್ಶ’ ಪತ್ರಿಕೆಯನ್ನು ಸಂಪಾದಿಸಿದರು. 1956ರಲ್ಲಿ ಆರ್ಯಿಕಾ ದೀಕ್ಷೆ ಪಡೆದ ಪೂಜ್ಯ ಜ್ಞಾನಮತಿ ಮಾತಾಜಿಯವರು ಪಂಡಿತರೂ ಕಠಿಣವೆನ್ನುವ ‘ಅಷ್ಟಸಹಸ್ರಿ’ಯನ್ನು ಹಿಂದಿಗೆ ಅನುವಾದಿಸಿದರು. ಸಿದ್ಧಾಂತದ ಚೌಕಟ್ಟನ್ನು ಮುಟ್ಟದೆಯೇ ಶಾಸ್ತ್ರಾಧ್ಯಯನದ ಬಾಗಿಲು ತೆರೆದ ಉದಾಹರಣೆಗಳಿವು.

ಡಾ. ಪದ್ಮನಾಭ ಜೈನಿ

ಈ ಇಡೀ ಚರ್ಚೆಯನ್ನು ಜಗತ್ತಿನ ಮುಂದಿಟ್ಟವರು ಮೂಡುಬಿದಿರೆ ಸಮೀಪದ ನೆಲ್ಲಿಕಾರಿನ ದಿಗಂಬರ ಕುಟುಂಬದಲ್ಲಿ 1923ರಲ್ಲಿ ಹುಟ್ಟಿದ ಡಾ. ಪದ್ಮನಾಭ ಎಸ್. ಜೈನಿ. ಬನಾರಸ್, ಲಂಡನ್, ಮಿಷಿಗನ್ ವಿಶ್ವವಿದ್ಯಾಲಯಗಳಲ್ಲಿ ಪಾಠ ಹೇಳಿ 1972ರಿಂದ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಪ್ರಾಧ್ಯಾಪಕರಾಗಿದ್ದರು. 2021ರಲ್ಲಿ ನಿಧನರಾದರು.

1991ರಲ್ಲಿ ಪ್ರಕಟವಾದ ಅವರ ‘ಜೆಂಡರ್ ಅಂಡ್ ಸಾಲ್ವೇಶನ್’ ಗ್ರಂಥದಲ್ಲಿ ಕುಂದಕುಂದರು, ಶಾಕಟಾಯನರು, ಪ್ರಭಾಚಂದ್ರರು, ಜಯಸೇನರು, 17ನೇ ಶತಮಾನದ ಶ್ವೇತಾಂಬರ ಉಪಾಧ್ಯಾಯ ಮೇಘವಿಜಯರು ಮುಂತಾದವರ ಮೂಲ ವಾದಗಳು ಇಂಗ್ಲಿಷ್ ಅನುವಾದದಲ್ಲಿವೆ. ತಮ್ಮ ಪಂಥದ ಮಾತನ್ನು ದೊಡ್ಡದು ಮಾಡದೆ, ಎದುರು ಪಂಥದ ಮಾತನ್ನು ಸಣ್ಣದು ಮಾಡದೆ ಎರಡನ್ನೂ ಪೂರ್ತಿಯಾಗಿ ಕೊಟ್ಟದ್ದು ಅವರ ದೊಡ್ಡತನ. ಅನೇಕಾಂತವೆಂದರೆ ಇದೇ.

ಓದುಗರು ಗಮನಿಸಬೇಕಾದ ಅಂಶಗಳು

ಮೊದಲನೆಯದಾಗಿ, ಮೋಕ್ಷದ ಸಿದ್ಧಾಂತ ಮತ್ತು ಸಮಾಜದ ಸ್ಥಾನಮಾನ ಬೇರೆ ಬೇರೆ ಖಾತೆಗಳು. ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಬರೆಯಬಾರದು. ಸ್ತ್ರೀಮುಕ್ತಿಯನ್ನು ಒಪ್ಪಿದ ಶ್ವೇತಾಂಬರರಲ್ಲೂ ಹಿರಿಯ ಸಾಧ್ವಿ ಕಿರಿಯ ಸಾಧುವಿಗೆ ವಂದಿಸುವ ನಿಯಮವಿದೆ, ಸಾಧ್ವಿಯರು ದೃಷ್ಟಿವಾದ ಓದಬಾರದೆಂಬ ನಿಷೇಧವಿತ್ತು. ಅದನ್ನು ಒಪ್ಪದ ದಿಗಂಬರರಲ್ಲಿ ಅತ್ತಿಮಬ್ಬೆಯಂಥವರು ಪೂಜ್ಯರಾದರು.

ಎರಡನೆಯದಾಗಿ, ಸ್ತ್ರೀಮುಕ್ತಿಯನ್ನು ಅಲ್ಲಗಳೆದ ಆಚಾರ್ಯರು ಕೊಟ್ಟ ಮುಖ್ಯ ಕಾರಣ ಅಪರಿಗ್ರಹ ಮತ್ತು ಅಹಿಂಸೆ. ಅವರ ವಾದವನ್ನು ಹೆಣ್ಣುಮಕ್ಕಳ ಓದು, ಆಸ್ತಿ, ಆಡಳಿತಕ್ಕೆ ಅಡ್ಡ ಹಾಕುವುದಕ್ಕೆ ಶಾಸ್ತ್ರಾಧಾರವಿಲ್ಲ. ಓದು ಮತ್ತು ಆಸ್ತಿಯ ವಿಷಯದಲ್ಲಿ ಜಿನಸೇನಾಚಾರ್ಯರ ಮಾತು ನೇರವಾಗಿಯೇ ಇದೆ.

ಮೂರನೆಯದಾಗಿ, ಈ ವಾದಗಳನ್ನು ಬರೆದವರೆಲ್ಲರೂ ಮುನಿಗಳು, ಪುರುಷರು. ಆರ್ಯಿಕೆಯರು ಈ ಬಗ್ಗೆ ಏನು ಯೋಚಿಸಿದರು ಎಂಬುದನ್ನು ಹೇಳುವ ಹಳೆಯ ಗ್ರಂಥ ನಮ್ಮ ಕೈಯಲ್ಲಿಲ್ಲ. ಶ್ರಾವಿಕೆಯರೂ ಮಾತಾಜಿಯರೂ ಪ್ರಾಕೃತ, ಸಂಸ್ಕೃತ, ಹಳಗನ್ನಡ ಕಲಿತು ಮೂಲ ಗ್ರಂಥಗಳನ್ನು ತಾವೇ ಓದಿದರೆ ಆ ಕೊರತೆ ತುಂಬುತ್ತದೆ. ಅಕ್ಷರವನ್ನು ಆದಿನಾಥ ಸ್ವಾಮಿಯವರು ಮೊದಲು ಕಲಿಸಿದ್ದು ಮಗಳಿಗೇ.